ಚಹದ ಬೋಗುಣಿ: ಧಾರವಾಡ ಸೀಮೆಯ ಅಡಿಗೆಮನೆಯಿಂದ ಒಂದು ಇತಿಹಾಸವಿಚಾರ

೧

ನಾಡಿನ ಇತಿಹಾಸವನ್ನು ಶಾಸನ, ಕಾವ್ಯ, ಕೈಫಿಯತ್ತುಗಳ ಆಧಾರದಿಂದ ರಚಿಸುವ ಪದ್ಧತಿಯು ನಮ್ಮಲ್ಲಿ ಚೆನ್ನಾಗಿ ನೆಲೆಗೊಂಡಿದೆ. ಅಣ್ಣಿಗೇರಿಯ ಹೆಸರನ್ನೆತ್ತಿದೊಡನೆ ವಿದ್ವಜ್ಜನರಿಗೆ ಅಮೃತೇಶ್ವರನ ಗುಡಿಯೂ ಆದಿಕವಿ ಪಂಪನ ಹೆಸರೂ ನೆನಪಿಗೆ ಬರುತ್ತವೆ. ಕುಂದಗೋಳವೆಂದರೆ ಸವಾಯಿ ಗಂಧರ್ವರ ಸಂಗೀತ, ನವಲಗುಂದವೆಂದರೆ ಜಮಖಾನ, ಕಲಘಟಗಿಯೆಂದರೆ ಬಣ್ಣದ ತೊಟ್ಟಿಲು. ಆದರೆ ಈ ನಾಲ್ಕು ಊರುಗಳಲ್ಲಿ ಯಾವ ಮನೆಯ ಹೊಸ್ತಿಲನ್ನು ದಾಟಿದರೂ ಬಂದವರ ಕೈಗೆ ಮೊದಲು ಬರತಕ್ಕ ವಸ್ತು ಇವುಗಳಲ್ಲಿ ಯಾವುದೂ ಅಲ್ಲ. ಅದು ಚಹದ ಕಪ್ಪು. ‘ಚಹಾ ಆತೇನ್ರಿ?’ ಎಂಬ ಮಾತು ಈ ಸೀಮೆಯಲ್ಲಿ ಕುಶಲಪ್ರಶ್ನೆಯ ಸ್ಥಾನವನ್ನೇ ಪಡೆದಿದೆ. ಇಷ್ಟು ಬಲವಾಗಿ ಬೇರೂರಿದ ಈ ಆಚಾರವು ನೂರೈವತ್ತು ವರ್ಷಗಳ ಹಿಂದೆ ಇಲ್ಲಿಯ ಹಳ್ಳಿಗಳಲ್ಲಿ ಇರಲಿಲ್ಲ. ಆಗ ಬಂದವರಿಗೆ ತಂಬಿಗೆಯಲ್ಲಿ ನೀರನ್ನೂ ಒಂದು ಚೂರು ಬೆಲ್ಲವನ್ನೂ ಕೊಡುತ್ತಿದ್ದರು. ಉಳ್ಳವರು ಮಜ್ಜಿಗೆಯನ್ನು ಕೊಡುತ್ತಿದ್ದರು. ಕೆಲವೇ ತಲೆಮಾರುಗಳಲ್ಲಿ ನೀರು-ಬೆಲ್ಲದ ಸ್ಥಾನವನ್ನು ಚೀನದ ಗಿಡವೊಂದರ ಎಲೆಯು ಆಕ್ರಮಿಸಿದ್ದು ಇತಿಹಾಸಕಾರನು ಅಲಕ್ಷ್ಯ ಮಾಡತಕ್ಕ ಸಂಗತಿಯಲ್ಲ.

ಈ ಲೇಖನದ ಪ್ರಶ್ನೆಯು ಚಿಕ್ಕದು. ಇಂಗ್ಲಿಷರ ಅಡಿಗೆಮನೆಯಲ್ಲಿ ನೀರು ಕಾಸಲು ಕೆಟಲ್ ಎಂಬ ಮೂತಿಯ ಪಾತ್ರೆಯೂ ಎಲೆ ನೆನೆಯಿಸಲು ಬೇರೊಂದು ಪಿಂಗಾಣಿಯ ಗಿಂಡಿಯೂ ಉಂಟು. ರಶಿಯನರಲ್ಲಿ ಸಮೋವಾರವುಂಟು, ಜಪಾನದಲ್ಲಿ ಬಿದಿರಿನ ಕಡೆಗೋಲುಂಟು. ನವಲಗುಂದದ ಮನೆಯಲ್ಲಿಯೋ ಚಹಕ್ಕೆಂದೇ ಮಾಡಿದ ಉಪಕರಣವು ಒಂದೂ ಇಲ್ಲ; ಹಾಲು ಕಾಸುವ ಬೋಗುಣಿಯಲ್ಲಿಯೇ ಚಹವೂ ಆಗುತ್ತದೆ. ಇದಕ್ಕೆ ಕಾರಣವೇನು? ಬಡತನ, ಸುಧಾರಣೆಯ ಅಭಾವ ಎಂದು ಉತ್ತರ ಹೇಳಿ ಮುಗಿಸುವುದು ಸುಲಭ. ಆದರೆ ಆ ಉತ್ತರವು ಪರೀಕ್ಷೆಗೆ ನಿಲ್ಲತಕ್ಕದ್ದಲ್ಲವೆಂಬುದನ್ನೂ, ಬೋಗುಣಿಯು ಕೊರತೆಯ ಗುರುತಲ್ಲ, ಒಂದು ನಿಶ್ಚಿತವಾದ ಜೀವನಕ್ರಮದ ದಾಖಲೆಯೆಂಬುದನ್ನೂ ತೋರಿಸುವುದೇ ಇಲ್ಲಿಯ ಉದ್ದೇಶವು.

೨

ಮೊದಲು ಹೊರನಾಡುಗಳ ರೀತಿಯನ್ನು ನೋಡುವ. ಚಹದ ಎಲೆಯಿಂದ ರಸವನ್ನು ತೆಗೆಯುವ ಕ್ರಮಗಳು ಮುಖ್ಯವಾಗಿ ಮೂರು: ಕುದಿಸುವುದು, ಕಡೆಯುವುದು, ನೆನೆಯಿಸುವುದು. ಚೀನದೇಶವು ಈ ಮೂರನ್ನೂ ಒಂದಾದ ಮೇಲೊಂದರಂತೆ ಅನುಭವಿಸಿತು. ಕ್ರಿ. ಶ. ಎಂಟನೆಯ ಶತಮಾನದಲ್ಲಿ ಚಹವನ್ನು ಕುರಿತು ಮೊದಲನೆಯ ಶಾಸ್ತ್ರಗ್ರಂಥವನ್ನು ಬರೆದ ಲೂ ಯೂ ಎಂಬ ಪಂಡಿತನ ಕಾಲದಲ್ಲಿ ಎಲೆಯನ್ನು ಬಿಲ್ಲೆಯಾಗಿ ಒತ್ತಿ, ಬೇಕಾದಾಗ ಪುಡಿಮಾಡಿ, ಉಪ್ಪು ಬೆರೆಸಿ ಕಡಾಯಿಯಲ್ಲಿ ಕುದಿಸುತ್ತಿದ್ದರು. ಸೋಂಗ್ ರಾಜರ ಕಾಲಕ್ಕೆ ಪುಡಿಯನ್ನು ಬಟ್ಟಲಿನಲ್ಲಿ ಹಾಕಿ ಬಿಸಿನೀರೆರೆದು ಕಡೆಯುವ ಪದ್ಧತಿಯು ಪ್ರಬಲವಾಯಿತು. ಜಪಾನೀಯರು ಇದನ್ನು ಕಲಿತು ಇಂದಿನವರೆಗೂ ತಮ್ಮ ಚಹದ ವಿಧಿಯಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ೧೩೯೧ನೆಯ ಇಸವಿಯಲ್ಲಿ ಮಿಂಗ್ ವಂಶದ ಮೊದಲನೆಯ ಚಕ್ರವರ್ತಿಯು ಬಿಲ್ಲೆಚಹದ ಕಪ್ಪಕಾಣಿಕೆಯನ್ನು ನಿಲ್ಲಿಸಿ ಬಿಡಿ ಎಲೆಯನ್ನೇ ಒಪ್ಪಿಸಬೇಕೆಂದು ಆಜ್ಞಾಪಿಸಿದನು. ಅಲ್ಲಿಂದ ಮುಂದೆ ಎಲೆಯನ್ನು ಬಿಸಿನೀರಿನಲ್ಲಿ ನೆನೆಯಿಸುವುದೇ ರೂಢಿಯಾಗಿ, ಮೂತಿಯುಳ್ಳ ಚಿಕ್ಕ ಮಣ್ಣಿನ ಗಿಂಡಿಗಳು ಪ್ರಸಿದ್ಧಿಗೆ ಬಂದವು. ಕಡಾಯಿ, ಕಡೆಗೋಲು, ಗಿಂಡಿ. ರೀತಿಯು ಬದಲಾದಂತೆ ಪಾತ್ರೆಯೂ ಬದಲಾಯಿತೆಂಬುದನ್ನು ಇಲ್ಲಿ ಗಮನಿಸಬೇಕು.

ಯೂರೋಪಿನವರು ಚೀನದಿಂದ ಚಹವನ್ನು ತರಿಸತೊಡಗಿದ್ದು ಹದಿನೇಳನೆಯ ಶತಮಾನದಲ್ಲಿ. ಅಷ್ಟರಲ್ಲಿ ಅಲ್ಲಿ ನೆನೆಯಿಸುವ ಪದ್ಧತಿಯು ನೆಲೆಯೂರಿದ್ದರಿಂದ ಅವರು ಎಲೆಯೊಡನೆ ಗಿಂಡಿಯನ್ನೂ ತೆಗೆದುಕೊಂಡರು. ಇಂಗ್ಲಿಷರ ಚಹದ ಗಿಂಡಿಯು ಅವರ ಸ್ವಂತ ಕಲ್ಪನೆಯಲ್ಲ, ಮಿಂಗ್ ಕಾಲದ ಚೀನದ ಉತ್ತರಾಧಿಕಾರವು. ರಶಿಯನರು ೧೭೨೭ರ ಕ್ಯಾಖ್ತಾ ಒಪ್ಪಂದದ ತರುವಾಯ ಗಡಿಯ ಪೇಟೆಯಿಂದ ಭೂಮಾರ್ಗವಾಗಿ ಚಹವನ್ನು ಪಡೆದರು. ಅವರ ಚಳಿನಾಡಿನಲ್ಲಿ ದಿನವೆಲ್ಲ ನೀರನ್ನು ಬಿಸಿಯಾಗಿಡುವುದು ಮುಖ್ಯವಾದುದರಿಂದ ಒಡಲಲ್ಲಿ ಕೆಂಡವಿರುವ ಸಮೋವಾರವು ತುಲಾ ಪಟ್ಟಣದ ಕಮ್ಮಟಗಳಲ್ಲಿ ಬೆಳೆಯಿತು. ಅದರ ತಲೆಯ ಮೇಲೆ ಗಟ್ಟಿ ಕಷಾಯದ ಚಿಕ್ಕ ಗಿಂಡಿಯು ಕೂಡ್ರುತ್ತದೆ. ತಿಬೇಟಿನವರು ಇಟ್ಟಿಗೆಯಂತೆ ಒತ್ತಿದ ಚಹವನ್ನು ಬಹಳ ಹೊತ್ತು ಕುದಿಸಿ, ಬೆಣ್ಣೆ-ಉಪ್ಪು ಕೂಡಿಸಿ, ಉದ್ದವಾದ ಮರದ ಕೊಳವೆಯಲ್ಲಿ ಕಡೆಯುತ್ತಾರೆ. ಒಟ್ಟಿನಲ್ಲಿ ಹೇಳುವುದಾದರೆ, ನೆನೆಯಿಸುವ ನಾಡುಗಳಲ್ಲಿ ನೀರು ಕಾಸುವ ಪಾತ್ರೆಯೂ ಎಲೆಯ ಪಾತ್ರೆಯೂ ಬೇರೆ ಬೇರೆ. ಕುದಿಸುವ ನಾಡುಗಳಲ್ಲಿ ಒಲೆಯ ಮೇಲಿನ ಕೆಲಸಕ್ಕೆ ಒಂದೇ ಪಾತ್ರೆಯು ಸಾಕು.

೩

ಈಗ ಆಧುನಿಕ ಉಪಕರಣಗಳ ವಿಷಯ. ವಿದ್ಯುತ್ತಿನಿಂದ ನೀರು ಕಾಸುವ ಕೆಟಲು ೧೮೯೦ರ ದಶಕದಲ್ಲಿ ಇಂಗ್ಲಂಡದಲ್ಲಿಯೂ ಅಮೇರಿಕದಲ್ಲಿಯೂ ತಲೆದೋರಿತು. ನೀರು ಕುದಿದೊಡನೆ ತಾನೇ ಆರಿಹೋಗುವ ಕೆಟಲು ಇಂಗ್ಲಂಡದಲ್ಲಿ ೧೯೫೫ರಲ್ಲಿ ಬಂದಿತು. ಇಂದು ಅದಿಲ್ಲದ ಮನೆಯು ಆ ದೇಶದಲ್ಲಿ ದುರ್ಲಭ. ಅಮೇರಿಕದ ಮನೆಗಳಲ್ಲಿಯೋ ಅದು ಅಷ್ಟು ಸಾಮಾನ್ಯವಲ್ಲ. ಇದಕ್ಕೆ ಎರಡು ಕಾರಣಗಳನ್ನು ಹೇಳುವುದುಂಟು. ಅಮೇರಿಕನರು ಕಾಫಿಯ ಪಕ್ಷಪಾತಿಗಳು, ಅವರು ಕುಡಿಯುವ ಚಹದಲ್ಲಿಯೂ ಬಹುಪಾಲು ಮಂಜುಗಡ್ಡೆ ಹಾಕಿದ ತಣ್ಣನೆಯ ಚಹ; ಇದು ಒಂದನೆಯದು. ಅಲ್ಲಿಯ ಮನೆಯ ವಿದ್ಯುತ್ತಿನ ಒತ್ತಡವು ೧೨೦ ವೋಲ್ಟು, ಬ್ರಿಟನ್ನಿನದು ೨೩೦ ವೋಲ್ಟು, ಇದು ಎರಡನೆಯದು. ಬ್ರಿಟನ್ನಿನ ೧೩ ಆಂಪಿಯರಿನ ಗೂಡಿನಿಂದ ಸುಮಾರು ೩,೦೦೦ ವ್ಯಾಟು ದೊರೆಯುತ್ತದೆ. ಅಮೇರಿಕದ ಕೆಟಲು ಸಾಮಾನ್ಯವಾಗಿ ೧,೫೦೦ ವ್ಯಾಟಿನದು. ಲೆಕ್ಕ ಹಾಕಿದರೆ ಒಂದು ಲೀಟರು ನೀರನ್ನು ೨೦ ಅಂಶದಿಂದ ೧೦೦ ಅಂಶಕ್ಕೆ ಏರಿಸಲು ಮೊದಲನೆಯದಕ್ಕೆ ೨ ನಿಮಿಷ, ಎರಡನೆಯದಕ್ಕೆ ೪ ನಿಮಿಷಗಳ ಆಸುಪಾಸು ಬೇಕು.

ಈ ವಿವರಣೆಯನ್ನು ನಮ್ಮ ಸೀಮೆಗೆ ಅನ್ವಯಿಸಿ ನೋಡಿದರೆ ವಿಶೇಷವೊಂದು ಹೊರಪಡುತ್ತದೆ. ನಮ್ಮ ವಿದ್ಯುತ್ತೂ ೨೩೦ ವೋಲ್ಟಿನದೇ. ನಾವೂ ಕಾಫಿಗಿಂತ ಚಹವನ್ನೇ ಕುಡಿಯುವವರು, ಅದೂ ಬಿಸಿಯಾಗಿ. ಬ್ರಿಟನ್ನಿನಲ್ಲಿ ಕೆಟಲನ್ನು ಮನೆಮನೆಗೆ ತಂದ ಎರಡು ಕಾರಣಗಳೂ ಇಲ್ಲಿ ಇವೆ. ಆದರೂ ಕಾರ್ಯವು ನಡೆದಿಲ್ಲ. ಹಳ್ಳಿಗಳಿಗೆ ವಿದ್ಯುತ್ತು ತಡವಾಗಿ ಬಂದಿತು, ಬಂದ ಮೇಲೂ ಪದೇ ಪದೇ ಹೋಗುತ್ತಿತ್ತು ಎಂಬ ಮಾತನ್ನು ಒಪ್ಪಬೇಕು. ಆದರೆ ವಿದ್ಯುತ್ತಿಗೆ ಕೊರತೆಯಿಲ್ಲದ, ಹಣಕ್ಕೂ ಕೊರತೆಯಿಲ್ಲದ ಹುಬ್ಬಳ್ಳಿಯ ಮನೆಗಳಲ್ಲಿಯೂ ಬೆಳಗಿನ ಚಹವು ಆಗುವುದು ಗ್ಯಾಸಿನ ಒಲೆಯ ಮೇಲಿನ ಬೋಗುಣಿಯಲ್ಲಿಯೇ. ಕೆಟಲು ಇದ್ದರೆ ಅದು ಬಿಸಿನೀರಿಗೆ ಮಾತ್ರ. ಆದಕಾರಣ ಬಡತನವೂ ವಿದ್ಯುತ್ತೂ ಮೂಲಕಾರಣಗಳಲ್ಲ. ಅದನ್ನು ಬೇರೆಡೆಯಲ್ಲಿ ಹುಡುಕಬೇಕು.

೪

ಚಹವು ಈ ಸೀಮೆಗೆ ಯಾವ ದಾರಿಯಿಂದ ಬಂದಿತೆಂಬುದನ್ನು ಅದರ ಹೆಸರೇ ಹೇಳುತ್ತದೆ. ಲೋಕದ ಭಾಷೆಗಳಲ್ಲಿ ಈ ಪಾನಕ್ಕಿರುವ ಹೆಸರುಗಳೆಲ್ಲ ಬಹುಮಟ್ಟಿಗೆ ಎರಡೇ ಶಾಖೆಗಳಿಗೆ ಸೇರುತ್ತವೆ. ಚೀನೀ ಲಿಪಿಯಲ್ಲಿ ಅಕ್ಷರವು ಒಂದೇ ಆದರೂ ಹೆಚ್ಚಿನ ಪ್ರಾಂತಗಳಲ್ಲಿ ಅದರ ಉಚ್ಚಾರವು ‘ಚಾ’. ಅಮೋಯ್ ಬಂದರದ ಸುತ್ತಲಿನವರಲ್ಲಿ ‘ತೇ’. ಭೂಮಾರ್ಗದಿಂದ ಪಡೆದ ಪರ್ಶಿಯನರು, ರಶಿಯನರು, ತುರ್ಕರು ಮೊದಲಾದವರಲ್ಲಿಯೂ, ಮಕಾವಿನಿಂದ ಕೊಂಡ ಪೋರ್ತುಗೀಜರಲ್ಲಿಯೂ ‘ಚಾ’ ಶಾಖೆಯು ನಿಂತಿತು. ಡಚ್ಚರ ಹಡಗುಗಳು ‘ತೇ’ ಶಾಖೆಯನ್ನು ಪಶ್ಚಿಮ ಯೂರೋಪಿಗೆ ಒಯ್ದವು; ಇಂಗ್ಲಿಷರ ‘ಟೀ’ ಅದರಿಂದಲೇ ಬಂದುದು.

ಕನ್ನಡವೊಂದರಲ್ಲಿಯೇ ಈ ಎರಡೂ ಶಾಖೆಗಳು ಉಂಟು. ಧಾರವಾಡ, ಬೆಳಗಾವಿ, ವಿಜಯಪುರಗಳ ಕಡೆಗೆ ಚಹ. ಕರಾವಳಿಯಲ್ಲಿ ಚಾ, ಚಾಯ. ಹಳೆಯ ಮೈಸೂರಿನಲ್ಲಿ ಟೀ. ಧಾರವಾಡ ಸೀಮೆಯು ೧೮೧೮ರಲ್ಲಿ ಪೇಶವೆಯರ ಆಳಿಕೆಯು ಮುಗಿದ ಮೇಲೆ ಮುಂಬಯಿ ಇಲಾಖೆಗೆ ಸೇರಿತು. ಕುಂದಗೋಳವು ೧೯೪೮ರವರೆಗೆ ಜಮಖಂಡಿಯ ಪಟವರ್ಧನರ ಸಂಸ್ಥಾನದಲ್ಲಿತ್ತು. ಕಚೇರಿ, ವ್ಯಾಪಾರ, ನಾಟಕಮಂಡಳಿ ಇವೆಲ್ಲವುಗಳ ಮೂಲಕ ಮರಾಠಿಯೊಡನೆ ಬಳಕೆಯು ನಿಕಟವಾಗಿತ್ತು. ಸವಾಯಿ ಗಂಧರ್ವರಂಥ ಕುಂದಗೋಳದ ಕಲಾವಿದರೇ ಮರಾಠಿ ರಂಗಭೂಮಿಯಲ್ಲಿ ಹೆಸರು ಪಡೆದವರು. ನಮ್ಮ ‘ಚಹ’ವು ಮರಾಠಿಯ ‘ಚಹಾ’ ಶಬ್ದವೇ; ಕಪ್ಪಿನ ಕೆಳಗಿನ ‘ಬಶಿ’ಯು ಮರಾಠಿಯ ‘ಬಶೀ’. ಮೈಸೂರಿನವರು ಅದನ್ನೇ ‘ಸಾಸರು’ ಎನ್ನುತ್ತಾರೆ. ‘ಚಮಚ’ವು ಪರ್ಶಿಯನ್ ಮೂಲದ್ದು, ‘ಕಪ್ಪು’, ‘ಕಿಟ್ಲಿ’ಗಳು ಇಂಗ್ಲಿಷಿನವು, ‘ಒಲೆ’, ‘ಹಾಲು’ಗಳು ಅಚ್ಚಗನ್ನಡದವು. ಒಂದು ಸರತಿ ಚಹ ಮಾಡಿ ಕೊಡುವುದರೊಳಗೆ ಇಷ್ಟು ರಾಜ್ಯಗಳ ಗುರುತು ಕೈಗೆ ಹತ್ತುತ್ತದೆ.

ಪಶ್ಚಿಮ ಹಿಂದುಸ್ಥಾನದಲ್ಲಿ ಈ ಪಾನದ ಪರಿಚಯವು ಹಳೆಯದು. ೧೬೮೯ರಲ್ಲಿ ಸೂರತ್ತಿಗೆ ಬಂದ ಓವಿಂಗ್ಟನ್ ಎಂಬ ಪಾದ್ರಿಯು ಅಲ್ಲಿಯ ಬನಿಯಾಗಳು ಚಹಕ್ಕೆ ಖಾರದ ಸಂಬಾರಗಳನ್ನೂ ಕಲ್ಲುಸಕ್ಕರೆಯನ್ನೂ ನಿಂಬೆಯನ್ನೂ ಕೂಡಿಸಿ ಔಷಧದಂತೆ ಕುಡಿಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆದರೆ ಅದು ಬಂದರಿನ ಶ್ರೀಮಂತರ ಪಾನವು. ಚಹವು ಅಗ್ಗವಾಗಿ ಒಳನಾಡಿಗೆ ಬರಲು ಅಸ್ಸಾಮದ ತೋಟಗಳು ಬೆಳೆಯಬೇಕಾಯಿತು. ಅಸ್ಸಾಮದ ಚಹವು ಮೊದಲು ಲಂಡನ್ನಿನಲ್ಲಿ ಹರಾಜಾದದ್ದು ೧೮೩೯ರ ಜನವರಿಯಲ್ಲಿ. ಧಾರವಾಡ ಸೀಮೆಗೆ ದಾರಿಯನ್ನು ಮಾಡಿಕೊಟ್ಟದ್ದು ೧೮೮೨ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೇಲ್ವೆ ಕಂಪನಿಯು. ಆ ದಶಕದಲ್ಲಿಯೇ ಹುಬ್ಬಳ್ಳಿ-ಗದಗ ಮಾರ್ಗದಲ್ಲಿ ಅಣ್ಣಿಗೇರಿಯೂ ಹುಬ್ಬಳ್ಳಿ-ಹರಿಹರ ಮಾರ್ಗದಲ್ಲಿ ಕುಂದಗೋಳವೂ ರೇಲ್ವೆಗೆ ಸೇರಿದವು. ನವಲಗುಂದ, ಕಲಘಟಗಿಗಳಿಗೆ ರೇಲ್ವೆಯಿಲ್ಲ. ಅಲ್ಲಿಗೆ ಪೇಟೆಯ ಸಾಮಾನು ಬಂಡಿಯ ಮೇಲೂ ಮುಂದೆ ಮೋಟಾರಿನ ಮೇಲೂ ಹೋಗಬೇಕಾಯಿತು.

೫

ಹೀಗೆ ಬಂದ ಎಲೆಯು ಇಲ್ಲಿಯ ಒಲೆಯ ಮೇಲೆ ಏನಾಯಿತೆಂಬುದೇ ನಮ್ಮ ಪ್ರಶ್ನೆಯ ತಿರುಳು.

ಮೊದಲನೆಯದು ಹಾಲು. ಈ ಸೀಮೆಯಲ್ಲಿ ಮನೆಯ ಹೈನವೆಂದರೆ ಬಹುಮಟ್ಟಿಗೆ ಎಮ್ಮೆಯ ಹೈನ. ಧಾರವಾಡದ ಪೇಢೆಯ ಕೀರ್ತಿಯೂ ಆ ಹಾಲಿನಿಂದಲೇ ಬಂದುದು. ಆಕಳ ಹಾಲಿನಲ್ಲಿ ಜಿಡ್ಡು ನೂರಕ್ಕೆ ನಾಲ್ಕರ ಆಸುಪಾಸಾದರೆ ಎಮ್ಮೆಯ ಹಾಲಿನಲ್ಲಿ ಆರೇಳು. ಚಳಿನಾಡಿನ ಇಂಗ್ಲಿಷನು ತಣ್ಣನೆಯ ಹಾಲನ್ನು ನಾಲ್ಕು ಹನಿ ಸುರಿದುಕೊಳ್ಳುತ್ತಾನೆ. ಅವನಿಗೆ ಅದು ಚಹಕ್ಕೆ ಬೆರೆಸುವ ಬಣ್ಣ. ನಮ್ಮಲ್ಲಿ ಹಾಲು ಬೆರಕೆಯಲ್ಲ, ಪಾನದ ಅರ್ಧ. ಅರ್ಧದಷ್ಟು ತಣ್ಣನೆಯ ಹಾಲನ್ನು ಸುರಿದರೆ ಚಹವು ಆರಿಹೋಗುತ್ತದೆ. ಆದುದರಿಂದ ಹಾಲನ್ನು ಕಾಸಲೇಬೇಕು. ಮೇಲಾಗಿ ಉಷ್ಣದೇಶದಲ್ಲಿ ಕರೆದ ಹಾಲು ಕೆಡದಂತೆ ಉಳಿಯಬೇಕಾದರೆ ಅದನ್ನು ಹೇಗೂ ಕಾಸುವುದು ಅವಶ್ಯ. ಹೀಗಿರಲು ನೀರು, ಹಾಲು, ಸಕ್ಕರೆ, ಪುಡಿ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕುದಿಸುವುದು ಸಹಜವಾಯಿತು.

ಹಾಲು ಕುದಿಯುವ ಪಾತ್ರೆಗೆ ಅಗಲವಾದ ಬಾಯಿ ಬೇಕು. ನೊರೆಯು ಏರುವುದು ಕಣ್ಣಿಗೆ ಕಾಣಬೇಕು, ಉಕ್ಕುವ ಕ್ಷಣಕ್ಕೆ ಇಕ್ಕಳದಿಂದ ಹಿಡಿದು ಇಳಿಸಲು ಬರಬೇಕು, ತಳಕ್ಕೆ ಹತ್ತಿದ ಕೆನೆಯನ್ನು ಬೂದಿ ಹಾಕಿ ತಿಕ್ಕಲು ಒಳಗೆ ಕೈ ಹೋಗಬೇಕು. ಮೂತಿಯ ಕೆಟಲಿನಲ್ಲಿ ಇವು ಮೂರೂ ಅಶಕ್ಯ. ಕುದಿಸುವುದೊಂದೇ ಇದಕ್ಕೆ ಕಾರಣವಲ್ಲವೆಂಬುದನ್ನು ಮೊರೊಕ್ಕೊ ದೇಶದ ಉದಾಹರಣೆಯು ತೋರಿಸುತ್ತದೆ: ಅಲ್ಲಿ ಚಹವನ್ನು ಪುದೀನ, ಸಕ್ಕರೆಗಳೊಡನೆ ಮೂತಿಯುಳ್ಳ ಗಿಂಡಿಯಲ್ಲಿಯೇ ಬೆಂಕಿಯ ಮೇಲಿಡುವುದುಂಟು, ಆದರೆ ಅದರಲ್ಲಿ ಹಾಲಿಲ್ಲ. ನಮ್ಮ ದೇಶದಲ್ಲಿಯೇ ಕಾಶ್ಮೀರದವರು ಸಮೋವಾರದಲ್ಲಿ ಕುದಿಸುವ ಕಾಹ್ವಾದಲ್ಲಿಯೂ ಹಾಲಿಲ್ಲ. ಮೂತಿಯ ಪಾತ್ರೆಯನ್ನು ನಮ್ಮ ಒಲೆಯಿಂದ ದೂರವಿಟ್ಟದ್ದು ಹಾಲೇ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಎರಡನೆಯದು ಉರುವಲು. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಭೂಮಿಯಲ್ಲಿ ಮರಗಳು ವಿರಳ. ಹತ್ತಿಯ ಕಟ್ಟಿಗೆಯೂ ಕುಳ್ಳೂ ಅಲ್ಲಿಯ ಉರುವಲು. ಕಾಡಿನಂಚಿನ ಕಲಘಟಗಿಯಲ್ಲಿ ಕಟ್ಟಿಗೆಯು ಸುಲಭ. ಹತ್ತಿಯ ಕಟ್ಟಿಗೆಯು ಬೇಗ ಹತ್ತಿ ಬೇಗ ಉರಿದುಹೋಗುತ್ತದೆ. ದಿನವಿಡೀ ಕೆಂಡವನ್ನು ಕಾಯ್ದುಕೊಳ್ಳುವ ಸಮೋವಾರದ ಜೀವನವು ಅಂಥ ಉರುವಲಿನ ಮೇಲೆ ನಡೆಯಲಾರದು. ಬೆಳಗಿನಲ್ಲಿ ಜೋಳದ ರೊಟ್ಟಿಗಾಗಿ ಒಲೆಯನ್ನು ಹೇಗೂ ಹೊತ್ತಿಸಬೇಕು. ಹಂಚು ಕಾಯುವುದರೊಳಗೆ, ಇಲ್ಲವೆ ಮಗ್ಗುಲಿನ ಕೋಡೊಲೆಯ ಮೇಲೆ, ಚಹದ ಬೋಗುಣಿಯು ಕುದಿದು ಇಳಿಯುತ್ತದೆ. ರೊಟ್ಟಿಯ ಬೆಂಕಿಯಲ್ಲಿಯೇ ಆಗುವುದರಿಂದ ಚಹಕ್ಕೆ ಪ್ರತ್ಯೇಕವಾದ ಉರುವಲಿನ ವೆಚ್ಚವಿಲ್ಲ.

ಮೂರನೆಯದು ನೀರು. ಬೆಣ್ಣೆಹಳ್ಳದ ಸುತ್ತಲಿನ ಎರೆಯ ಸೀಮೆಯಲ್ಲಿ ಅನೇಕ ಬಾವಿಗಳ ನೀರು ಸವಳು. ನವಲಗುಂದದ ನೀಲಮ್ಮನ ಕೆರೆಯಂಥ ಸಿಹಿನೀರಿನ ಕೆರೆಗಳೇ ಊರಿನ ಜೀವಾಳ. ಎಲೆಯ ಸೂಕ್ಷ್ಮವಾದ ಪರಿಮಳವನ್ನು ಆಸ್ವಾದಿಸುವ ಚೀನದ ಅಥವಾ ಜಪಾನದ ಚಹವು ನೀರಿನ ದೋಷವನ್ನು ಮುಚ್ಚಲಾರದು. ಗಟ್ಟಿ ಹಾಲು, ಸಕ್ಕರೆ ಇಲ್ಲವೆ ಬೆಲ್ಲ, ಶುಂಠಿಗಳಿಂದ ಕೂಡಿದ ಕುದಿಚಹವು ತಕ್ಕಮಟ್ಟಿಗೆ ಮುಚ್ಚಬಲ್ಲದು.

೬

ಈ ರೀತಿಯನ್ನು ಬದಲಿಸಬೇಕೆಂಬ ಪ್ರಯತ್ನವು ನಡೆಯದೆ ಇರಲಿಲ್ಲ. ೧೯೦೩ರಲ್ಲಿ ಹಿಂದುಸ್ಥಾನ ಸರಕಾರವು ಹೊರಗೆ ಹೋಗುವ ಚಹದ ಮೇಲೆ ಪಟ್ಟಿಯನ್ನು ವಿಧಿಸಿ, ಆ ಹಣದಿಂದ ಚಹದ ಪ್ರಚಾರವನ್ನು ಮಾಡುವ ವ್ಯವಸ್ಥೆಯನ್ನು ಕಾಯ್ದೆಯ ಮೂಲಕ ಕಲ್ಪಿಸಿತು. ೧೯೩೦ರ ದಶಕದ ಮಂದಿಯ ಕಾಲದಲ್ಲಿ ಈ ಪ್ರಚಾರವು ದೇಶದೊಳಗೆ ಬಹಳ ಬಿರುಸಾಯಿತು. ರೇಲ್ವೆ ಸ್ಟೇಶನ್ನುಗಳಲ್ಲಿ ದೇಶಭಾಷೆಗಳ ಫಲಕಗಳನ್ನು ತೂಗಹಾಕಿದರು. ಪೇಟೆ-ಜಾತ್ರೆಗಳಲ್ಲಿ ಚಹವನ್ನು ಮಾಡಿ ತೋರಿಸಿ ಕುಡಿಸಿದರು. ಅವರು ಕಲಿಸಿದ್ದು ಇಂಗ್ಲಿಷರ ಕ್ರಮವನ್ನು: ಆಗಲೇ ಕುದಿದ ನೀರು, ಗಿಂಡಿಯಲ್ಲಿ ಅಳೆದು ಹಾಕಿದ ಎಲೆ, ಕೆಲವು ನಿಮಿಷಗಳ ನೆನೆ, ಕಡೆಗೆ ಸ್ವಲ್ಪ ಹಾಲು. ಅಂಗಡಿಯವರು ಹಾಲು-ಸಂಬಾರಗಳನ್ನು ಹೆಚ್ಚಿಸಿ ಪುಡಿಯನ್ನು ಉಳಿಸುವುದು ಪ್ರಚಾರಕರಿಗೆ ಸೇರುತ್ತಿರಲಿಲ್ಲ. ಪರಿಣಾಮವೇನಾಯಿತು? ಪುಡಿಯನ್ನು ಮಾರುವುದರಲ್ಲಿ ಅವರು ಗೆದ್ದರು. ಕುಡಿಯುವ ರೀತಿಯನ್ನು ಕಲಿಸುವುದರಲ್ಲಿ ಸೋತರು.

ಸೋತದ್ದು ಮಾತ್ರವಲ್ಲ, ಉದ್ಯಮವೇ ಬೋಗುಣಿಗೆ ತಲೆಬಾಗಿತು. ೧೯೩೦ರ ಸುಮಾರಿಗೆ ಅಸ್ಸಾಮದ ಆಮಗೂರಿ ತೋಟದಲ್ಲಿ ಮ್ಯಾಕರ್ಚರ್ ಎಂಬಾತನು ಎಲೆಯನ್ನು ಜಜ್ಜಿ, ಹರಿದು, ಸುರುಳಿಸುವ ಯಂತ್ರವನ್ನು ರಚಿಸಿದನು. ಅದರಿಂದ ಬರುವ ಕಾಳಿನಂಥ ಚಹವು ಸಿ.ಟಿ.ಸಿ. ಎಂದು ಹೆಸರಾಯಿತು. ಅದರ ರಸವು ಬೇಗ ಇಳಿಯುತ್ತದೆ, ಬಣ್ಣವು ಗಾಢ, ಅರ್ಧ ಹಾಲಿನ ಎದುರಿಗೂ ರುಚಿಯು ಅಡಗುವುದಿಲ್ಲ, ಬೆಲೆಯೂ ಕಡಿಮೆ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ದೇಶದ ಚಹವು ಬಹುಮಟ್ಟಿಗೆ ಈ ರೂಪವನ್ನೇ ತಾಳಿತು.

ಬೆಂಕಿಯ ಉಪಕರಣವು ಮಾತ್ರ ಮೇಲಿಂದ ಮೇಲೆ ಬದಲಾಯಿತು. ೧೮೯೨ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟನು ಹೊರತಂದ ಪ್ರೈಮಸ್ ಸ್ಟೋವಿನ ವಂಶವು ನಮ್ಮ ಪಟ್ಟಣಗಳ ಮನೆಗಳಿಗೂ ಬಂದಿತು. ಒಲೆ ಹೊತ್ತಿಸದ ವೇಳೆಯಲ್ಲಿ ಬಂದ ಬೀಗರಿಗೆ ಚಹ ಕಾಸಲು ಚಿಮಣಿ ಎಣ್ಣೆಯ ಸ್ಟೋವು ಬಹಳ ಅನುಕೂಲವಾಯಿತು. ತರುವಾಯ ಗ್ಯಾಸು ಬಂದಿತು. ೨೦೧೬ರಲ್ಲಿ ಆರಂಭವಾದ ಉಜ್ಜ್ವಲಾ ಯೋಜನೆಯಿಂದ ಅದು ಬಡವರ ಮನೆಗಳನ್ನೂ ಮುಟ್ಟಿತು. ಪಾತ್ರೆಯ ಲೋಹವೂ ಕಲಾಯಿ ಹಾಕಿದ ಹಿತ್ತಾಳೆಯಿಂದ, ಜನರು ‘ಜರ್ಮನ್’ ಎಂದು ಕರೆಯುವ ಅಲ್ಯುಮಿನಿಯಮ್ಮಿಗೂ ಅಲ್ಲಿಂದ ಸ್ಟೀಲಿಗೂ ಹೊರಳಿತು. ಆದರೆ ಆಕಾರವು ಬದಲಾಗಲಿಲ್ಲ. ಒಲೆಯು ಹೋಯಿತು, ಬೋಗುಣಿಯು ಉಳಿಯಿತು.

ಇಂಗ್ಲಿಷರ ಕೆಟಲು ಇಲ್ಲಿಗೆ ಬರಲೇ ಇಲ್ಲವೆಂದು ಮಾತ್ರ ಯಾರೂ ತಿಳಿಯಬಾರದು. ಅದು ಬಂದಿತು, ‘ಕಿಟ್ಲಿ’ಯೆಂಬ ಹೆಸರನ್ನೂ ಪಡೆಯಿತು, ಆದರೆ ಒಲೆಯ ಮೇಲಿನ ಕೆಲಸವನ್ನು ಬಿಟ್ಟು ಬೀದಿಯ ಕೆಲಸಕ್ಕೆ ನಿಂತಿತು. ಚಹದಂಗಡಿಯವನು ಬೋಗುಣಿಯಲ್ಲಿ ಕುದಿಸಿ ಸೋಸಿದ ಚಹವನ್ನು ಕಿಟ್ಲಿಗೆ ತುಂಬಿ ಅಡತಿ ಅಂಗಡಿಗಳಿಗೂ ಕಚೇರಿಗಳಿಗೂ ಕಳಿಸುತ್ತಾನೆ. ನೀರು ಕಾಸುವ ಪಾತ್ರೆಯು ಇಲ್ಲಿ ಚಹ ಹೊರುವ ಪಾತ್ರೆಯಾಯಿತು. ಶಬ್ದಗಳು ದೇಶಾಂತರವಾದಾಗ ಅರ್ಥಾಂತರ ಪಡೆಯುವುದನ್ನು ಸಾಹಿತ್ಯದ ಉಪಾಧ್ಯಾಯರು ಬಲ್ಲರು. ಪಾತ್ರೆಗಳ ವಿಷಯದಲ್ಲಿಯೂ ಅದು ನಿಜವೆಂಬುದಕ್ಕೆ ಕಿಟ್ಲಿಯೇ ಸಾಕ್ಷಿ.

೭

ಇಷ್ಟರವರೆಗೆ ಹಾಲು, ಉರುವಲು, ನೀರು ಇವುಗಳ ಮಾತಾಯಿತು. ಆದರೆ ಪಾತ್ರೆಯ ಇತಿಹಾಸದಲ್ಲಿ ಇನ್ನೊಂದು ಅಧ್ಯಾಯವಿದೆ. ಅದನ್ನು ಬಿಟ್ಟರೆ ಈ ವಿಚಾರವು ಅಪೂರ್ಣವೂ ಅಪ್ರಾಮಾಣಿಕವೂ ಆಗುತ್ತದೆ.

೧೮೯೦ನೆಯ ಇಸವಿಯ ಜುಲೈ ತಿಂಗಳಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಪುಣೆಯ ಪಂಚಹೌದ ಮಿಶನ್ನಿನಲ್ಲಿ ನಡೆದ ಸಭೆಯೊಂದಕ್ಕೆ ನ್ಯಾಯಮೂರ್ತಿ ರಾನಡೆ, ಟಿಳಕ ಮೊದಲಾದವರು ಹೋಗಿದ್ದರು. ಅಲ್ಲಿ ಪಾದ್ರಿಗಳು ಅವರ ಮುಂದೆ ಚಹವನ್ನು ಇರಿಸಿದರು. ಈ ಸಂಗತಿಯು ಬಹಿರಂಗವಾದೊಡನೆ ಸಂಪ್ರದಾಯಸ್ಥರು ಕೋಲಾಹಲವೆಬ್ಬಿಸಿದರು. ಪ್ರಕರಣವು ಶಂಕರಾಚಾರ್ಯರ ಪೀಠದವರೆಗೆ ಹೋಯಿತು. ಕೊನೆಗೆ ರಾನಡೆಯವರೂ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಯಿತು. ಒಂದು ಕಪ್ಪು ಚಹಕ್ಕೆ ಮುಂಬಯಿ ಇಲಾಖೆಯ ವಿದ್ಯಾವಂತರ ಲೋಕವು ಇಬ್ಭಾಗವಾಯಿತು. ಇಲ್ಲಿ ದೋಷವೆನಿಸಿದ್ದು ಎಲೆಯಲ್ಲ. ಕೊಟ್ಟ ಕೈ ಮತ್ತು ಕೊಟ್ಟ ಪಾತ್ರೆ. ಲೋಹದ ಪಾತ್ರೆಯು ಬೂದಿ-ನೀರಿನಿಂದ ಶುದ್ಧವಾಗುತ್ತದೆ, ಪಿಂಗಾಣಿಯು ಆಗದು ಎಂಬುದು ಮಡಿವಂತರ ಭಾವನೆ. ಕಪ್ಪು-ಬಶಿಗಳು ಎಷ್ಟೋ ಮನೆಗಳಲ್ಲಿ ಬಹುಕಾಲ ಅಡಿಗೆಮನೆಯ ಹೊರಗೇ ಇದ್ದುವು.

ಇದೇ ಭಾವನೆಯ ಕ್ರೂರವಾದ ಮುಖವು ಊರಿನ ಚಹದಂಗಡಿಯಲ್ಲಿ ಕಾಣಿಸಿಕೊಂಡಿತು. ಚಹದಂಗಡಿಯು ಹಳ್ಳಿಯ ಜನರು ಜಾತಿಯ ಕಟ್ಟನ್ನು ಮೀರಿ ಒಂದೆಡೆ ಕೂಡ್ರಬಹುದಾದ ಹೊಸ ಸ್ಥಳವು. ಆದರೆ ಅಲ್ಲಿಯೇ ಅಸ್ಪೃಶ್ಯರೆನಿಸಿದವರಿಗೆ ಬೇರೆ ಲೋಟವನ್ನಿಟ್ಟು, ಅದನ್ನು ಅವರೇ ತೊಳೆದಿಡಬೇಕೆಂದು ವಿಧಿಸುವ ಪದ್ಧತಿಯು ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಬೆಳೆಯಿತು. ೧೯೫೦ರ ರಾಜ್ಯಘಟನೆಯು ತನ್ನ ೧೭ನೆಯ ಅನುಚ್ಛೇದದಿಂದ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ೧೫ನೆಯ ಅನುಚ್ಛೇದವು ಅಂಗಡಿ-ಉಪಾಹಾರಗೃಹಗಳ ಪ್ರವೇಶವನ್ನು ಹೆಸರಿಸಿಯೇ ಎಲ್ಲರಿಗೂ ತೆರೆಯಿತು. ೧೯೫೫ರ ಕಾಯ್ದೆಯು ಉಲ್ಲಂಘನೆಗೆ ಶಿಕ್ಷೆಯನ್ನು ನಿಯಮಿಸಿತು. ಇಷ್ಟಾದರೂ ಬೇರೆ ಲೋಟವು ಅದೆಷ್ಟೋ ಊರುಗಳಲ್ಲಿ ದಶಕಗಳವರೆಗೆ ಉಳಿದುದು ನಮ್ಮ ನಾಡಿಗೆ ಭೂಷಣವಲ್ಲ. ಪಾತ್ರೆಯು ರುಚಿಯ ದಾಖಲೆಯಾಗಿರುವಂತೆ ಅಪಮಾನದ ದಾಖಲೆಯೂ ಆಗಬಲ್ಲದು. ಬೋಗುಣಿಯ ಜಾಣ್ಮೆಯನ್ನು ಹೊಗಳುವ ಇತಿಹಾಸಕಾರನು ಗೂಟಕ್ಕೆ ಬೇರೆಯಾಗಿ ತೂಗಹಾಕಿದ ಲೋಟವನ್ನು ಕಾಣದವನಂತೆ ದಾಟಿಹೋಗಬಾರದು.

೮

ಈವರೆಗೆ ಹೇಳಿದ್ದರ ಸಾರವಿಷ್ಟು. ಗೃಹೋಪಕರಣಗಳಲ್ಲಿ ದೇಶದೇಶಗಳಿಗೆ ಕಾಣುವ ಭೇದವು ಸುಧಾರಣೆಯ ಏಣಿಯ ಮೇಲಿನ ಮೆಟ್ಟಿಲುಗಳ ಭೇದವಲ್ಲ. ಉಪಕರಣವು ಪಾನದ ರೀತಿಯನ್ನು ಅನುಸರಿಸುತ್ತದೆ. ರೀತಿಯು ಹಾಲು, ಉರುವಲು, ನೀರು, ವ್ಯಾಪಾರದ ದಾರಿ, ಸಮಾಜದ ಕಟ್ಟು ಇವುಗಳನ್ನು ಅನುಸರಿಸುತ್ತದೆ. ಇಂಗ್ಲಂಡದ ಕೆಟಲು ಮಿಂಗ್ ಚೀನದ ಪದ್ಧತಿಗೆ ಎಷ್ಟು ಋಣಿಯೋ ನವಲಗುಂದದ ಬೋಗುಣಿಯು ಎಮ್ಮೆಯ ಹಾಲಿಗೂ ಜೋಳದ ರೊಟ್ಟಿಯ ಒಲೆಗೂ ಅಷ್ಟೇ ಋಣಿ.

ಕಡೆಗೆ ಸಾಹಿತ್ಯೋಪಾಧ್ಯಾಯರಲ್ಲಿ ಒಂದು ವಿನಂತಿ. ೧೯೫೬ರ ನವೆಂಬರ ಒಂದನೆಯ ತಾರೀಖಿಗೆ ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗುಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ಒಂದೇ ರಾಜ್ಯದವರಾದರು. ರಾಜ್ಯವು ಒಂದಾಗುವುದು ಬೇಕಾಗಿತ್ತು. ಆದರೆ ಅದಕ್ಕಾಗಿ ಅಡಿಗೆಮನೆಯ ಮಾತುಗಳೂ ಒಂದಾಗಬೇಕಾಗಿಲ್ಲ. ಧಾರವಾಡ ಸೀಮೆಯ ಹುಡುಗನು ಪ್ರಬಂಧದಲ್ಲಿ ‘ಚಹ’, ‘ಬಶಿ’, ‘ಬೋಗುಣಿ’ ಎಂದು ಬರೆದಾಗ ಅದನ್ನು ಗ್ರಾಮ್ಯವೆಂದು ತಿದ್ದುವವರು, ಭೂಮಾರ್ಗದಿಂದಲೂ ಬಂದರುಗಳಿಂದಲೂ ಹರಿದುಬಂದ ಶಾಖೆಯೊಂದರ ಇತಿಹಾಸವನ್ನು ಕೆಂಪು ಮಸಿಯಿಂದ ಅಳಿಸುತ್ತಾರೆ. ಹತ್ತಿಯ ಕಟ್ಟಿಗೆಯ ಒಲೆಯನ್ನೂ ಕೋಡೊಲೆಯನ್ನೂ ಚಿಮಣಿ ಎಣ್ಣೆಯ ಸ್ಟೋವನ್ನೂ ಊದಿ, ಹೊತ್ತಿಸಿ, ಕಂಡ ತಾಯಂದಿರು ಇಂದು ವೃದ್ಧಾಪ್ಯದಲ್ಲಿದ್ದಾರೆ. ಮನೆಯಲ್ಲಿ ಮೊದಲು ಚಹ ಮಾಡಿದವರು ಯಾರು, ಯಾವ ಪಾತ್ರೆಯಲ್ಲಿ, ಬೆಲ್ಲವೋ ಸಕ್ಕರೆಯೋ, ಯಾವ ನೀರು, ಯಾರಿಗೆ ಯಾವ ಲೋಟ—ಇಷ್ಟು ಪ್ರಶ್ನೆಗಳನ್ನು ಪ್ರತಿಯೊಬ್ಬ ಉಪಾಧ್ಯಾಯರೂ ತಮ್ಮ ವಿದ್ಯಾರ್ಥಿಗಳ ಕೈಯಲ್ಲಿ ಅವರವರ ಅಜ್ಜಿಯರ ಬಳಿಗೆ ಕಳಿಸಿ, ಬಂದ ಉತ್ತರಗಳನ್ನು ಅವರ ಮಾತಿನಲ್ಲಿಯೇ ಬರೆದಿಡಿಸಿದರೆ, ಯಾವ ಶಾಸನದಲ್ಲಿಯೂ ದೊರೆಯದ ಆಧಾರವೊಂದು ನಾಡಿಗೆ ಉಳಿಯುತ್ತದೆ. ಕೆಲಸವು ಚಿಕ್ಕದು, ಕಾಲವು ಸ್ವಲ್ಪವೇ ಇದೆ.